ಅಂಬಿಗನ ಮೌನ

ಕೃಷಿಮಾತು, ವೈದ್ಯರ ಸಲಹೆ, ಮಕ್ಕಳ ಕಥೆ, ನಾಟಕ, ಹೀಗೆ ನಾಡಿಡೀ ಕೇಳುವ ಆ ರೇಡಿಯೋ ಕೇಂದ್ರದ ಧ್ವನಿಮುದ್ರಣಗಳೆಲ್ಲ ಅವಳ ಕೈ ದಾಟಿಯೇ ಹೋಗಬೇಕು. ಕೆಮ್ಮು, ತೊದಲು, ತಡವರಿಕೆಗಳನ್ನು ಕತ್ತರಿಸುವುದು ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ‘ಕತ್ತರಿ ಅಕ್ಕ’.

ಅಂದು ಮಧ್ಯಾಹ್ನ ಪ್ರಸಾರವಾಗಬೇಕಿದ್ದದ್ದು ಮುದಿ ಅಂಬಿಗನೊಬ್ಬನ ಧ್ವನಿಮುದ್ರಿತ ಸಂದರ್ಶನ. ದೋಣಿ ಮಗುಚಿ ಹೆಂಡತಿ ನೀರುಪಾಲಾದ ದಿನದ ಬಗ್ಗೆ ಕೇಳಿದಾಗ ಅವನು ಬಾಯಿಬಿಡಲಿಲ್ಲ. ಬಹಳ ಹೊತ್ತು ಅವನ ಉಸಿರಷ್ಟೇ ಕೇಳಿಸಿತು. ಅಕ್ಕನ ಕೈ ಕತ್ತರಿಸುವ ಗುಂಡಿಯ ಮೇಲೇ ನಿಂತುಬಿಟ್ಟಿತು.

“ಅದನ್ನ ತೆಗೀರಿ. ರೇಡಿಯೋ ಕೆಟ್ಟೋಯ್ತು ಅಂತ ಜನ ಅದರ ತಲೆ ಮೇಲೆ ತಟ್ತಾರೆ,” ಎಂದರು ಮೇಲಧಿಕಾರಿ.

“ತಟ್ಟಲಿ ಸಾರ್. ಇದೊಂದಕ್ಕೆ ಕತ್ತರಿ ಹಾಕೋದು ನನ್ನ ಕೈಲಾಗಲ್ಲ.”

ಅವರು ಆ ಭಾಗವನ್ನು ಇನ್ನೊಮ್ಮೆ ಹಾಕಿಸಿ ಕೇಳಿದರು. ಹೆಡ್‌ಫೋನ್ ತೆಗೆದಿಟ್ಟು ಎದ್ದುಹೋದರು. ಸಂದರ್ಶನ ಇದ್ದಂತೆಯೇ ಪ್ರಸಾರವಾಯಿತು.

ಸಂಜೆ ಅಂಬಿಗನ ಫೋನ್ ಬಂತು.

“ಆ ಪ್ರಶ್ನೆ ಕೇಳ್ದಾಗ ನಂಗೆ ನಾಲಿಗೇನೇ ಏಳ್ಲಿಲ್ಲ ಕಣಮ್ಮ. ಅಮ್ಮ ಹೋದಾಗ ಅಪ್ಪ ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಅಂತ ಮಗಳು ಇಷ್ಟು ವರ್ಷ ಮುಖ ಕೊಟ್ಟು ಮಾತಾಡಿರಲಿಲ್ಲ. ಇವತ್ತು ರೇಡಿಯೋದಲ್ಲಿ ಇದನ್ನ ಕೇಳಿದೋಳೇ ಬಂದು ಪಕ್ಕದಲ್ಲಿ ಕೂತ್ಲು.”

“ಏನಂದ್ರು?”

“ಏನೂ ಅನ್ಲಿಲ್ಲ. ಕೈ ಹಿಡ್ಕೊಂಡ್ಲು.”

“ಆಯ್ತಪ್ಪಾ, ಮಗಳ ಹತ್ರ ಹೋಗಿ ಕೂತ್ಕೊಳ್ಳಿ,” ಎಂದಷ್ಟೇ ಹೇಳಿ ಅಕ್ಕ ಫೋನಿಟ್ಟಳು.