ಸೋಡಾದಲ್ಲಿ ತೊಳೆದ ಸೇತುವೆ

ಇಂದು ಬೆಳಿಗ್ಗೆ ಅನ್ನ ಬಸಿಯುವಾಗ ಗಂಜಿಯ ವಾಸನೆ ಬಂದು, ಪಾತ್ರೆ ಹಿಡಿದವಳು ಹಾಗೇ ನಿಂತುಬಿಟ್ಟೆ. ನಮ್ಮ ಮನೆಯವರು ತೀರಿಕೊಂಡು ಇಪ್ಪತ್ತು ದಿನವಾಯಿತು. ಗಂಜಿಗೂ ಅವರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು.

ಅವರು ಪುಣೆಯ ಒಂದು ಇಂಜಿನಿಯರಿಂಗ್ ಕಚೇರಿಯಲ್ಲಿ ನಕಾಶೆಗಳ ನಕಲು ತೆಗೆಯುತ್ತಿದ್ದರು. ಕಾಗದದ ಮೇಲಲ್ಲ; ಗಂಜಿ ಹಾಕಿ ಗಾಜಿನಂತೆ ನುಣುಪು ಮಾಡಿದ ತೆಳು ಬಟ್ಟೆಯ ಮೇಲೆ. ಕೆಲಸ ಮುಗಿದ ಬಟ್ಟೆಗಳು ನಕಲುಗಾರರ ಮನೆ ಸೇರುತ್ತಿದ್ದವು. ಬಟ್ಟೆ ತೊಳೆಯುವ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿದರೆ ಗಂಜಿಯೂ ಮಸಿಯೂ ಬಿಟ್ಟು ಮೆತ್ತನೆಯ ಬಿಳಿ ಬಟ್ಟೆ ಕೈಗೆ ಬರುತ್ತಿತ್ತು; ಅದರಲ್ಲಿ ಮಕ್ಕಳಿಗೆ ಅಂಗಿ ಹೊಲಿಯುತ್ತಿದ್ದೆವು. ಹತ್ತಾರು ಸಂಸಾರ ಕೂಡಿ ಇದ್ದ ನಮ್ಮ ವಾಡೆಯ ಕೂಸುಗಳೆಲ್ಲ ಯಾವುದೋ ಕಾಲುವೆಯನ್ನೋ ಕಚೇರಿಯ ಮಾಳಿಗೆಯನ್ನೋ ತೊಟ್ಟುಕೊಂಡೇ ಬೆಳೆದವು. ಈ ತೊಳೆಯುವ ಕೆಲಸದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಒಂದು ವರ್ಷ ಅವರ ಕೈಗೆ ಉದ್ದನೆಯ ಸೇತುವೆಯೊಂದು ಬಂತು. ಸಮುದ್ರದಲ್ಲಿ ಎರಡು ನಡುಗಡ್ಡೆ, ನಡುವೆ ಜಲಸಂಧಿ, ಅದರ ಮೇಲೆ ಗಾಡಿ ಮೋಟಾರು ಓಡುವ ರಸ್ತೆ. ನಾವಿಬ್ಬರೂ ಸಮುದ್ರ ಕಂಡವರಲ್ಲ. ಊಟಕ್ಕೆ ಕೂತಾಗ ತಟ್ಟೆಯ ಈ ಬದಿಗೆ ಚಟ್ನಿ, ಆ ಬದಿಗೆ ಪಲ್ಯ ಇಟ್ಟು, ನಡುವೆ ರೊಟ್ಟಿಯ ಚೂರು ಹಾಸಿ ತೋರಿಸುತ್ತಿದ್ದರು.

“ಪೂಲ್ ಆದಮ್ಯಾಲೆ ನಿನ್ನ ನಡಿಸ್ಕೊಂಡು ದಾಟಸ್ತೀನಿ ನೋಡು.”

“ಅಷ್ಟು ದೂರ ನಡದ್ರ ನನ್ನ ಕಾಲು ಉಳೀತಾವೇನ್ರಿ?”

“ನಡುವ ಕೂಡೂಣು. ಅವಸರ ಯಾರಿಗದ?”

ಯುದ್ಧ ಬಂತು, ಸೇತುವೆಯ ಮಾತು ನಿಂತಿತು. ಅವರು ಆ ನಕಲನ್ನು ತಂದು ಟ್ರಂಕಿನ ಮೇಲಿಟ್ಟರು. ಇಟ್ಟುಕೊಳ್ಳಲು ತಂದದ್ದೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಉಳಿದ ಬಟ್ಟೆಗಳ ಜೊತೆ ಅದನ್ನೂ ನೆನೆಸಿಬಿಟ್ಟೆ.

ಸಂಜೆ ಅವರು ಬಂದಾಗ ಅದು ಹಗ್ಗದ ಮೇಲೆ ಒಣಗುತ್ತಿತ್ತು. ಗೆರೆಗಳು ಕಂಡೂ ಕಾಣದಂತೆ ಉಳಿದಿದ್ದವು.

“ಇದನ್ನೂ ತೊಳದಿ?”

“ತೊಳಿಯಾಕ ತಂದೀರಿ ಅಂತ ತಿಳದೆ... ತಪ್ಪಾತೇನ್ರಿ?”

ಹಗ್ಗದ ಮೇಲಿನ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಮಳಿಗಾಲದಾಗ ಹೊಳಿಗೆ ಹೋದ ಪೂಲ್ ಭಾಳ ಅದಾವ. ಸೋಡಾಕ್ಕ ಹೋಗಿದ್ದು ಇದೊಂದೇ” ಎಂದು ನಕ್ಕರು.

ನಾನೂ ನಕ್ಕೆ. ಆದರೆ ಅಂದಿನಿಂದ ಅವರು ತಟ್ಟೆಯಲ್ಲಿ ಸೇತುವೆ ಕಟ್ಟಲಿಲ್ಲ. ಮನಸ್ಸಿಗೆ ನೋವಾಯಿತೇ ಎಂದು ಕೇಳಬೇಕು ಅಂದುಕೊಳ್ಳುತ್ತಲೇ ಇಪ್ಪತ್ತೈದು ವರ್ಷ ಕಳೆದೆ.

ಆ ಬಟ್ಟೆಯ ಎರಡೂ ತುದಿ ಮಡಚಿ ಹೊಲಿದು ಶಲ್ಯ ಮಾಡಿಕೊಟ್ಟಿದ್ದೆ. ಹಬ್ಬ ಬಂದರೆ ಅದೇ ಅವರ ಹೆಗಲ ಮೇಲೆ. ತೊಳೆತೊಳೆದು ಉಳಿದ ಗೆರೆಗಳೂ ಅಳಿಸಿಹೋದವು. ಅಂಚು ಸಡಿಲಾದಾಗೆಲ್ಲ, “ಬಿಚ್ಚಬ್ಯಾಡ, ಮ್ಯಾಲೇ ಒಂದು ಹೊಲಿಗಿ ಹಾಕು” ಎನ್ನುತ್ತಿದ್ದರು. ಮುದುಕನ ಹಟವೆಂದು ನಾನು ಗೊಣಗಿಕೊಂಡೇ ಹಾಕುತ್ತಿದ್ದೆ.

ಅನ್ನ ಮುಚ್ಚಿಟ್ಟು ಹೊರಗೆ ಬಂದೆ. ನಾದಿನಿ ದಾನಕ್ಕೆಂದು ಅವರ ಬಟ್ಟೆಗಳ ಗಂಟು ಕಟ್ಟುತ್ತಿದ್ದಳು.

“ವೈನೀ, ಈ ಶಲ್ಯಾದ ಅಂಚು ಹರದದ. ಹಿಂಗ ಕೊಟ್ರ ಛಲೋ ಕಾಣೂದಿಲ್ಲ.”

ಹೊಸದಾಗಿ ಹೊಲಿಯೋಣವೆಂದು ಹಳೆಯ ಹೊಲಿಗೆಗಳನ್ನೆಲ್ಲ ಬಿಚ್ಚಿದೆ. ಮಡಿಕೆಯ ಒಳಗೆ, ಬಿಸಿಲೂ ಸೋಡಾವೂ ಹೆಚ್ಚು ತಾಗದ ಕಡೆ, ಅವರ ಲೇಖನಿಯ ಸಣ್ಣ ಗೆರೆಗಳಿದ್ದವು: ಅಂಕುಡೊಂಕಾದ ಒಂದು ದಡ. ಇನ್ನೊಂದು ತುದಿ ಬಿಚ್ಚಿದೆ. ಅಲ್ಲಿ ಮತ್ತೊಂದು ದಡ. ನಡುವೆ ಬರೀ ಬಿಳಿ ಬಟ್ಟೆ.

ಬಿಚ್ಚಬ್ಯಾಡ ಎನ್ನುತ್ತಿದ್ದವರಿಗೆ ಇದು ಗೊತ್ತಿತ್ತು.

“ಕೊಡ್ರಿ ವೈನೀ, ಗಂಟು ಕಟ್ಟೂದದ.”

“ಇದೊಂದು ಇರ್ಲಿ” ಎಂದೆ. ಎರಡು ತುದಿಗಳನ್ನೂ ಹಳೆಯ ಮಡಿಕೆಯಲ್ಲೇ ಮಡಚಿ, ಬೆಳಕಿಗೆ ತಿರುಗಿ ಸೂಜಿಗೆ ದಾರ ಪೋಣಿಸಿದೆ.