ಕಿಟಕಿ ಸಾಲಿಗೆ ಬಂದ ಐದು ಚುಕ್ಕಿ

ಮೂರನೇ ಕ್ಲಾಸಿನ ಟೀಚರ್ ಇಪ್ಪತ್ತೆರಡು ವರ್ಷ ಗಂಟಲು ಹರಿದುಕೊಂಡು ಪಾಠ ಹೇಳಿದವರು. ಈ ವರ್ಷ ಆ ಗಂಟಲೇ ಕೈಕೊಟ್ಟಿತು. ಇನ್ನು ಕೂಗಿದರೆ ದನಿಯೇ ಹೋದೀತೆಂದು ಡಾಕ್ಟರು ಹೆದರಿಸಿದ ಮೇಲೆ, ಕೂಗದೆ ಮಕ್ಕಳನ್ನು ಹದ್ದುಬಸ್ತಿನಲ್ಲಿಡಲು ಒಂದು ಉಪಾಯ ಹೂಡಿದರು. ಗೋಡೆಗೆ ದಪ್ಪ ಹಾಳೆ ಅಂಟಿಸಿದರು. ಒಂದು ಸಾಲಿನವರೆಲ್ಲ ತಡವರಿಸದೆ ಓದಿದರೆ ಆ ಸಾಲಿಗೆ ಆ ದಿನದ ಕೆಂಪು ಚುಕ್ಕಿ. ಒಬ್ಬರು ತಡವರಿಸಿದರೂ ಚುಕ್ಕಿಯಿಲ್ಲ. ವಾರಕ್ಕೆ ಐದು ಗಳಿಸಿದವರಿಗೆ ಶನಿವಾರ ಸ್ಕೂಲಿನ ಗಂಟೆ ಹೊಡೆಯುವ ಭಾಗ್ಯ. ಒಂದೂ ಸಿಗದವರಿಗೆ ಆಟದ ಹೊತ್ತಿನಲ್ಲಿ ಕಸಪೊರಕೆ.

ಕ್ಲಾಸು ಬಾಲ ಮುದುರಿ ಕೂತಿತು. "ಏನಕ್ಕಾ, ಮಕ್ಕಳಿಗೆ ಏನಾದ್ರೂ ಮದ್ದು ಹಾಕಿದ್ರಾ?" ಎಂದು ಪಕ್ಕದ ಕ್ಲಾಸಿನ ಮೇಷ್ಟ್ರು ಹೊಟ್ಟೆಕಿಚ್ಚಿನಲ್ಲೇ ಕಿಚಾಯಿಸಿದರು.

"ನಿಮಗೂ ಬೇಕಾ? ಒಂದು ಚುಕ್ಕಿ ಹಣೆಗೇ ಅಂಟಿಸ್ತೀನಿ."

ಕಿಟಕಿ ಸಾಲಿನವರು ಮಾತ್ರ ಮೂರು ವಾರ ಕಸ ಗುಡಿಸಿದರು. ಅಲ್ಲೊಬ್ಬಳು ಹುಡುಗಿ ಅಕ್ಷರಕ್ಕೊಮ್ಮೆ ಎಡವುತ್ತಿದ್ದಳು. ನಾಲ್ಕನೇ ವಾರ ಅದೇ ಸಾಲಿಗೆ ಐದಕ್ಕೆ ಐದು ಬಂತು! ಟೀಚರ್ ಹಿಗ್ಗಿ ಬೆನ್ನು ತಟ್ಟಿದರು. ಆ ಹುಡುಗಿ ವಾರವಿಡೀ ಬಂದಿರಲಿಲ್ಲ. ಜ್ವರವಿರಬೇಕೆಂದುಕೊಂಡು ಸುಮ್ಮನಾದರು.

ಸೋಮವಾರ ಹುಡುಗಿಯ ತಾಯಿ, ಬಟ್ಟೆ ಹೊಲಿಯುವಾಕೆ, ಕೊರಳಲ್ಲಿ ಅಳತೆ ಟೇಪು ಹಾಗೇ ಇರುವಂತೆಯೇ ಓಡಿಬಂದರು. ಮೇಜಿನ ಮೇಲೆ ಏಳು ರಬ್ಬರು ಸುರಿದರು.

"ಇವೇನು ತಾಯಿ?"

"ನೀವೇ ಹೇಳಿ ಮೇಡಂ. ಹೊಟ್ಟೆನೋವು ಅಂತ ವಾರ ಮನೇಲಿ ಕೂತ್ಳು. ಇವತ್ತು ಗದರಿದ್ಮೇಲೆ ಬಾಯಿಬಿಟ್ಟಳು. ನೀನು ಬರದಿದ್ರೆ ಚುಕ್ಕಿ ಸಿಗುತ್ತೆ, ರಜಾ ಹಾಕು ಅಂತ ಸಾಲಿನವರೆಲ್ಲ ತಲೆಗೊಂದು ರಬ್ಬರು ಕೊಟ್ಟಿದಾರೆ. ಇನ್ಮೇಲೆ ಸ್ಕೂಲೇ ಬೇಡ ಅಂತಾಳೆ. ನಾನೇನು ಮಾಡ್ಲಿ?"

ಟೀಚರಿಗೆ ಮೈ ಪರಚಿಕೊಳ್ಳುವಂತಾಯಿತು. ಆ ಏಳು ಜನರನ್ನು ಎಳೆದು ನಿಲ್ಲಿಸಿದರು. ಬಯ್ಯಲು ಬಾಯಿ ತೆರೆದಾಗ ಚುಕ್ಕಿಗಳ ಹಾಳೆ ಕಣ್ಣಿಗೆ ಬಿತ್ತು. ಆಸೆ ತೋರಿಸಿ ಕೆಲಸ ಸಾಧಿಸುವುದನ್ನು ಈ ಪಿಳ್ಳೆಗಳಿಗೆ ಹೇಳಿಕೊಟ್ಟವರು ಯಾರು? ಗೋಡೆಯ ಹಾಳೆಯನ್ನು ಪರ್ರನೆ ಕಿತ್ತರು.

"ನಮ್ಮ ಚುಕ್ಕಿ, ಮಿಸ್!" ಎಂದು ಗೋಡೆ ಪಕ್ಕದ ಸಾಲಿನವಳೊಬ್ಬಳು ಅತ್ತೇಬಿಟ್ಟಳು. "ನಾವು ನಿಜವಾಗ್ಲೂ ಓದಿದ್ವಿ!"



ಸಂಜೆ ಟೀಚರ್ ಆ ತಾಯಿಯ ಹೊಲಿಗೆ ಅಂಗಡಿಗೆ ಹೋಗಿ, ಬಟ್ಟೆಚೂರುಗಳ ನಡುವೆ ಕೂತಿದ್ದ ಹುಡುಗಿಯನ್ನು ಗೋಗರೆದು ಒಪ್ಪಿಸಿದರು. ಮರುದಿನ ಅವಳು ಬಂದಳು. ಚುಕ್ಕಿಯೂ ಇಲ್ಲ, ಪೊರಕೆಯೂ ಇಲ್ಲ ಎಂದು ತಿಳಿದ ಕ್ಲಾಸು ಸಂತೆಯಾಗಿತ್ತು. ಒಬ್ಬ ಬೆಂಚಿನ ಮೇಲೆ ಹತ್ತಿದ್ದ. "ಅಕ್ಕಾ, ಮದ್ದು ಮುಗೀತಾ?" ಎಂದು ಮೇಷ್ಟ್ರು ಬಾಗಿಲಲ್ಲಿ ಇಣುಕಿದರು. ಟೀಚರ್ ಅವರತ್ತ ತಿರುಗಲಿಲ್ಲ. ಉಕ್ಕಿಬಂದ ಸಿಟ್ಟನ್ನು ನುಂಗಿಕೊಂಡು ಹುಡುಗಿಯ ಪಕ್ಕ ಮಂಡಿಯೂರಿ, ಅವಳ ಬಾಯಿಯ ಹತ್ತಿರ ಕಿವಿಯಿಟ್ಟರು.

"ಇನ್ನೊಂದ್ಸಲ ಓದು ಮರಿ. ಈ ಗಲಾಟೇಲಿ ಕೇಳಿಸ್ಲಿಲ್ಲ."