ಹೆಡೆಯಿದ್ದ ಹುಳ

ಡೊಂಬಿವಲಿ ಕಡೆಯ ಕೋಪರಿಯಲ್ಲಿ ನಮ್ಮದು ನೆಲಮಹಡಿಯ ಮನೆ. ಹಿಂದೆ ಕಾಂಪೌಂಡ್ ಗೋಡೆಗೆ ತಾಗಿ ಎರಡು ಚಾಪೆಯಗಲದ ಮಣ್ಣು. ಅಲ್ಲಿ ಅತ್ತೆ ಉಡುಪಿಯಿಂದ ತಂದ ಬಸಳೆ ಹಬ್ಬಿಸಿದ್ದರು. ಸೊಸೆಗಿಂತ ಬಳ್ಳಿಗೇ ಉಪಚಾರ ಹೆಚ್ಚು ಎಂದು ನಾನು ರೇಗಿಸುತ್ತಿದ್ದೆ.

ಆ ಮಳೆಗಾಲದಲ್ಲಿ ನನಗೆ ಐದು ತಿಂಗಳು. ಮೊದಲಿನ ಎರಡು ಬಸಿರು ನಿಂತಿರಲಿಲ್ಲ. ಬಗ್ಗಬೇಡ ಎಂದು ಅತ್ತೆ ಹೇಳಿದ್ದರು. ನಾನೋ, ಬೇಡ ಎಂದದ್ದನ್ನೇ ಮಾಡುವವಳು. ಒಂದು ಬೆಳಿಗ್ಗೆ ಬಸಳೆ ಕೊಯ್ಯಲು ಹೋದರೆ, ಬುಡದಲ್ಲಿ ಗೇಣುದ್ದದ ಕಂದು ಹುಳವೊಂದು ಎರೆಹುಳವನ್ನು ಸುತ್ತಿಕೊಂಡು ತಿನ್ನುತ್ತಿತ್ತು. ಹೇಸಿಗೆಯಾಗಿ ಕೈಯಲ್ಲಿದ್ದ ಕತ್ತಿಯಿಂದ ಎರಡು ತುಂಡು ಮಾಡಿದೆ.

ಹಿಂದಿನಿಂದ ಬಂದ ಅತ್ತೆ ಅದರ ಅಗಲ ತಲೆ ನೋಡಿ ಚೀರಿದರು. “ಎಂತ ಮಾಡಿದೆ ಮಾರಾಯ್ತಿ! ಹೆಡೆ ಉಂಟಲ್ಲ ಅದಕ್ಕೆ! ನಾಗನ ಮರಿ!”

“ಹುಳ ಅತ್ತೆ, ಹಾವಲ್ಲ,” ಎಂದೆ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು, ಬಿಎಸ್ಸಿ ಓದಿದವಳು. ಆದರೂ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿತ್ತು. ನಾಗನನ್ನು ಕೊಂದರೆ ಸಂತಾನಕ್ಕೆ ಕೆಡುಕು ಎಂಬುದು ನಮ್ಮವರಲ್ಲಿ ಮಕ್ಕಳಿಗೂ ಗೊತ್ತು. ತುಂಡುಗಳು ಹೊರಳಾಡುತ್ತ ಮಣ್ಣಿನ ಸಂದಿ ಸೇರಿದವು. ಅತ್ತೆ ಅಂದೇ ನಾಗದೋಷ ಕಳೆಯಲು ಆಶ್ಲೇಷ ಬಲಿಯ ಹರಕೆ ಹೇಳಿಕೊಂಡರು.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಗು ಒದ್ದರೂ ಹೆದರಿಕೆ, ಒದೆಯದಿದ್ದರೂ ಹೆದರಿಕೆ. ಫೋಟೋ ತೆಗೆದು ಯಾರನ್ನಾದರೂ ಕೇಳೋಣವೆಂದರೆ ಅಂಥ ಫೋನು ಆಗ ನಮ್ಮಲ್ಲಿರಲಿಲ್ಲ. ಕುಕ್ಕರ್ ಇಟ್ಟು ಹಿತ್ತಲಿಗೆ ಓಡುತ್ತಿದ್ದೆ, ಸೀಟಿ ಕೂಗಿದರೆ ಒಳಗೆ, ಮತ್ತೆ ಹಿತ್ತಲಿಗೆ. ಹುಳವೋ ಹಾವೋ ನೋಡಿ ತಿಳಿಯಲು ಸತ್ತ ತುಂಡಾದರೂ ಸಿಗಲೆಂದು ಕೆದಕಿ ಕೆದಕಿ ಬಸಳೆಯ ಬೇರೇ ಮೇಲೆ ಬಂತು. “ಹುಚ್ಚು ಹಿಡಿಸಿಕೊಳ್ಳಬೇಡ,” ಎಂದ ಗಂಡನ ಮೇಲೆ ಹರಿಹಾಯ್ದೆ.

ಎರಡು ವಾರ ಕಳೆದ ಮೇಲೆ ಒಂದು ಕುಂಡ ಎತ್ತಿದೆ. ಅಡಿಯಲ್ಲಿ ಎರಡು ಗಿಡ್ಡ ಹುಳಗಳು, ಎರಡೂ ಜೀವಂತ. ಬಾಲದ ತುಂಡಿಗೂ ಪುಟ್ಟ ಹೊಸ ತಲೆ ಮೂಡಿತ್ತು! ಕಡಿದರೆ ಎರಡಾಗುವ ಹಾವು ಎಲ್ಲಿಯಾದರೂ ಉಂಟೇ? “ಅತ್ತೇ!” ಎಂದು ಕೂಗಿದೆ. ಅಳುವೂ ನಗುವೂ ಒಟ್ಟಿಗೇ ಬಂದವು. ನಮ್ಮ ಎರೆಹುಳಗಳನ್ನೆಲ್ಲ ನುಂಗಿದ ಆ ದರಿದ್ರದ್ದು ಬದುಕಿದೆಯೆಂದು ನನಗಾದ ಖುಷಿ ಅಷ್ಟಿಷ್ಟಲ್ಲ.

ಅತ್ತೆ ಕನ್ನಡಕ ಹಾಕಿಕೊಂಡು ಬಂದು ತುಂಬ ಹೊತ್ತು ನೋಡಿದರು. “ಹುಳವೇ,” ಎಂದರು. ಒಳಗೆ ಹೋಗಿ ಉಪ್ಪಿನ ಭರಣಿ ತಂದರು. ನಾನು ಕೈಚಾಚಿದೆ, ಕೊಡಲಿಲ್ಲ.

“ನೀನು ಒಳಗೆ ಹೋಗು. ಒಂದು ವೇಳೆ ಅಲ್ಲದಿದ್ದರೆ ದೋಷ ನನಗೇ ಬರಲಿ,” ಎಂದು ಮುಷ್ಟಿ ತುಂಬ ಉಪ್ಪು ತೆಗೆದರು.